ಬಂಡಿ ಎಲ್ಲಿದೆ? ಅದಕ್ಕೇನಾಗಿದೆ?

ಊರಿನಿಂದ ಹೊರಟ ಬಂಡಿ ಈಗ ಎಲ್ಲಿದೆ, ದಾರಿಯಲ್ಲಿ ಅದಕ್ಕೇನಾದರೂ ಕೆಡುಕಾಯಿತೆ ಎಂಬ ಎರಡು ಪ್ರಶ್ನೆಗಳು ಬಂಡಿಯಷ್ಟೇ ಹಳೆಯವು. ಸಂತೆಗೆ ಹೋದ ಚಕ್ಕಡಿ ಹೊತ್ತು ಮುಳುಗಿದರೂ ಮರಳದಿದ್ದರೆ, ಕಂದೀಲು ಹಿಡಿದು ಊರ ಹೊರಗಿನ ಹಾದಿಗೆ ಹೋಗಿ ನಿಲ್ಲುವುದೊಂದೇ ಹಿಂದಿನವರಿಗೆ ತಿಳಿದಿದ್ದ ಉಪಾಯ. ಮೋಟಾರು ಬಂದ ಮೇಲೂ ಬಹುಕಾಲ ಈ ಸ್ಥಿತಿ ಬದಲಾಗಲಿಲ್ಲ. ಬಸ್ಸು ಡಿಪೋ ಬಿಟ್ಟಿತೆಂದರೆ, ಅದು ಮರಳಿ ಬರುವ ತನಕ ಅದರ ಸಮಾಚಾರ ಚಾಲಕ, ನಿರ್ವಾಹಕರಿಬ್ಬರಿಗೆ ಮಾತ್ರ ಗೊತ್ತು.

ಈಗ ಆ ಕಾಲ ಹೋಯಿತು. 2018ರಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ ಪ್ರತ್ಯೇಕ ಪಥದಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳನ್ನು ನಿಯಂತ್ರಣ ಕೊಠಡಿಯಿಂದಲೇ ಗಮನಿಸುವ ಏರ್ಪಾಟನ್ನು ಮಾಡಲಾಗಿತ್ತು. 2019ರ ಜನವರಿ 1ರಿಂದ ದೇಶದಲ್ಲಿ ಹೊಸದಾಗಿ ನೋಂದಣಿಯಾಗುವ ಬಸ್ಸು, ಬಾಡಿಗೆ ಕಾರು ಮುಂತಾದ ಸಾರ್ವಜನಿಕ ಸೇವಾ ವಾಹನಗಳಲ್ಲಿ ನೆಲೆ ತಿಳಿಸುವ ಸಾಧನವೂ ಆಪತ್ತಿನ ಗುಂಡಿಯೂ ಇರಬೇಕೆಂಬ ಕೇಂದ್ರದ ನಿಯಮ ಜಾರಿಗೆ ಬಂದಿತು. ನವಲಗುಂದದ ಎರೆಯ ಹೊಲದಲ್ಲಿ ಉಳುವ ಹೊಸ ಟ್ರ್ಯಾಕ್ಟರು, ಅಣ್ಣಿಗೇರಿಯಿಂದ ಹತ್ತಿ ಹೇರಿಕೊಂಡು ಹೋಗುವ ಲಾರಿ, ಕಲಘಟಗಿಯ ಕಡೆ ಮಣ್ಣು ಅಗೆಯುವ ಯಂತ್ರ, ಇವುಗಳಲ್ಲಿ ಹಲವಕ್ಕೆ ಇಂಥದೇ ಪೆಟ್ಟಿಗೆಗಳು ಬಂದಿವೆ. ಅಂಗೈಯಗಲದ ಆ ಪೆಟ್ಟಿಗೆ ತನ್ನ ನೆಲೆಯನ್ನು ಅರಿಯುವುದು ಹೇಗೆ? ಅರಿತುದನ್ನು ಧಣಿಗೆ ತಿಳಿಸುವುದು ಹೇಗೆ? ಮುಖ್ಯವಾಗಿ, ಅದರ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ಈ ಮೂರು ಸಂಗತಿಗಳನ್ನು ಇಲ್ಲಿ ವಿಚಾರಿಸೋಣ.

ಉಪಗ್ರಹಕ್ಕೆ ಕಣ್ಣಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಆಕಾಶದಲ್ಲಿರುವ ಕೃತಕ ಉಪಗ್ರಹವು ಕೆಳಗೆ ಓಡುವ ವಾಹನವನ್ನು ಹದ್ದಿನಂತೆ ನೋಡುತ್ತಿರುತ್ತದೆ, ನೋಡಿದ್ದನ್ನು ಕಚೇರಿಗೆ ಹೇಳುತ್ತದೆ ಎಂದು ಹಲವರು ತಿಳಿದಿರುವುದುಂಟು. ಇದು ನಿಜವಲ್ಲ. ನೆಲೆ ತೋರುವ ಉಪಗ್ರಹಗಳಿಗೆ ನಮ್ಮ ವಾಹನದ ಗುರುತೂ ಇಲ್ಲ, ಗೊಡವೆಯೂ ಇಲ್ಲ. ‘ನಾನು ಇಂಥ ಉಪಗ್ರಹ, ಈ ಕ್ಷಣದಲ್ಲಿ ಇಂಥ ಕಡೆ ಇದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಹೊತ್ತು’ ಎಂದು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುವುದಷ್ಟೇ ಅವುಗಳ ಕೆಲಸ. ಕೇಳುವವರು ಒಬ್ಬರಿರಲಿ, ನೂರು ಕೋಟಿ ಜನರಿರಲಿ, ಅವುಗಳಿಗೆ ಎರಡೂ ಒಂದೇ. ಕೇಳಿಸಿಕೊಂಡು ಲೆಕ್ಕ ಹಾಕುವ ಹೊಣೆಯೆಲ್ಲ ವಾಹನದಲ್ಲಿರುವ ಪೆಟ್ಟಿಗೆಯದು.

ಈ ಲೆಕ್ಕದ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಈ ಮೂರು ಊರುಗಳಲ್ಲಿ ಮಧ್ಯಾಹ್ನ ಸರಿಯಾಗಿ 12 ಗಂಟೆಗೆ ಒಂದೊಂದು ತೋಪು ಹಾರಿಸುತ್ತಾರೆಂದೂ, ಅವುಗಳ ಸದ್ದು ಬಹುದೂರ ಕೇಳಿಸುತ್ತದೆಂದೂ ಭಾವಿಸಿರಿ. ಬಯಲಿನ ನಡುವೆ ಎಲ್ಲೋ ಒಬ್ಬ ರೈತನು ಗಡಿಯಾರ ಹಿಡಿದು ನಿಂತಿದ್ದಾನೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದಷ್ಟೆ. ನವಲಗುಂದದ ತೋಪು 12 ಗಂಟೆಯಾಗಿ 30 ಸೆಕೆಂಡುಗಳ ಮೇಲೆ ಕೇಳಿಸಿದರೆ, ತಾನು ನವಲಗುಂದದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿದ್ದೇನೆಂದು ಅವನಿಗೆ ಗೊತ್ತಾಯಿತು. ಆದರೆ ಯಾವ ದಿಕ್ಕಿನಲ್ಲಿ? ಅದು ತಿಳಿಯದು. ನವಲಗುಂದವನ್ನು ನಡುವೆ ಇಟ್ಟು ಎಳೆದ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ಅಣ್ಣಿಗೇರಿಯ ತೋಪು ಕೇಳಿದಾಗ ಇನ್ನೊಂದು ವೃತ್ತ ದೊರೆಯುತ್ತದೆ. ಎರಡು ವೃತ್ತಗಳು ಎರಡು ಕಡೆ ಮಾತ್ರ ಕೂಡುತ್ತವೆ. ಕುಂದಗೋಳದ ತೋಪು ಆ ಎರಡರಲ್ಲಿ ಯಾವುದು ಸರಿಯೆಂಬುದನ್ನು ತೀರ್ಮಾನಿಸುತ್ತದೆ.

ಆದರೆ ರೈತನ ಗಡಿಯಾರವೇ ಮೂರು ಸೆಕೆಂಡು ಮುಂದಿದ್ದರೆ? ಆಗ ಮೂರು ದೂರಗಳೂ ಒಂದೊಂದು ಕಿಲೋಮೀಟರಿನಷ್ಟು ಹೆಚ್ಚಾಗಿ ತೋರಿ, ಮೂರು ವೃತ್ತಗಳು ಒಂದು ಬಿಂದುವಿನಲ್ಲಿ ಕೂಡದೆ ಹೋಗುತ್ತವೆ. ಸೋಜಿಗವೆಂದರೆ ಈ ಕೂಡದಿರುವಿಕೆಯೇ ಅವನಿಗೆ ಉಪಕಾರಿ. ಗಡಿಯಾರವನ್ನು ತುಸು ಹಿಂದೆ ಮುಂದೆ ಸರಿಸುತ್ತ, ಮೂರು ವೃತ್ತಗಳೂ ಒಂದೇ ಬಿಂದುವನ್ನು ಮುಟ್ಟುವಂತೆ ಮಾಡಿದನೆಂದರೆ, ತಾನಿರುವ ಸ್ಥಳವೂ ಸರಿಯಾದ ಹೊತ್ತೂ ಅವನಿಗೆ ಒಟ್ಟಿಗೇ ದೊರೆತಂತಾಯಿತು. ಸಮನೆಲದ ಮೇಲೆ ಇದಕ್ಕೆ ಮೂರು ತೋಪುಗಳು ಸಾಕು. ಎತ್ತರವನ್ನೂ ಅರಿಯಬೇಕಾದರೆ ನಾಲ್ಕನೆಯದು ಬೇಕು. ವಾಹನದ ಪೆಟ್ಟಿಗೆಗೆ ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಬೇಕೆಂಬ ನಿಯಮದ ಗುಟ್ಟು ಇಷ್ಟೇ.

ಗಡಿಯಾರವೇ ಅಳತೆಗೋಲು

ತೋಪಿನ ಜಾಗದಲ್ಲಿ ರೇಡಿಯೋ ಅಲೆಯನ್ನಿಟ್ಟರೆ ಲೆಕ್ಕ ಅದೇ, ಆದರೆ ವೇಗ ಬೇರೆ. ರೇಡಿಯೋ ಅಲೆ ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿವೆ. ನೆತ್ತಿಯ ಮೇಲಿರುವ ಉಪಗ್ರಹದ ಅಲೆ ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲು ಸಾಕು. ಇಂಥ ಓಟವನ್ನು ಅಳೆಯುವಾಗ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಅಷ್ಟರಲ್ಲಿ ಬಸ್ಸು ಊರ ನಿಲ್ದಾಣದಲ್ಲಿದೆಯೋ ಕೆರೆಯ ನಡುವಿನಲ್ಲಿದೆಯೋ ತಿಳಿಯದು! ಆದಕಾರಣ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣುಗಳ ಸ್ಪಂದನವನ್ನು ಆಧರಿಸಿ ನಡೆಯುವ ಗಡಿಯಾರಗಳನ್ನಿಟ್ಟಿರುತ್ತಾರೆ.

ಇಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವೂ ಕೈಯಿಕ್ಕುತ್ತದೆ. ಭೂಮಿಯ ಸೆಳೆತ ಕಡಮೆಯಿರುವ ಎತ್ತರದಲ್ಲಿ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೋಡುತ್ತದೆ. ಉಪಗ್ರಹದ ವೇಗದ ಕಾರಣದಿಂದ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಉಳಿದ ನಿವ್ವಳ 38. ಇದನ್ನು ಸರಿದೂಗಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ 11 ಕಿಲೋಮೀಟರಿಗೂ ಮಿಕ್ಕಿ ಕೆಡುತ್ತದೆ. ಪ್ರಕೃತಿಯ ಗಹನವಾದ ನಿಯಮವೊಂದು ಹೀಗೆ ಹಳ್ಳಿಯ ಬಸ್ಸಿನ ಲೆಕ್ಕದಲ್ಲಿಯೂ ಬಂದು ಕೂಡುತ್ತದೆ.

ಗಡಿಯಾರದ ಬೆಲೆ ಏನೆಂಬುದನ್ನು ನಮ್ಮ ದೇಶ ಅನುಭವದಿಂದ ಕಲಿತಿದೆ. ಭಾರತ ತನ್ನದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು. ಏಳನೆಯದು 2016ರ ಏಪ್ರಿಲ್ 28ರಂದು ಮೇಲೇರಿತು. ಈ ವ್ಯವಸ್ಥೆಯನ್ನು ನಡೆಸುವ ಕೇಂದ್ರ ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ಆರೈಕೆಯಲ್ಲಿ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರಕ್ಕೂ ಪಾಲುಂಟು. ಆದರೆ ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ಕೆಟ್ಟುಹೋದವು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಕಳುಹಿಸಿದ ಉಪಗ್ರಹ ರಾಕೆಟ್ಟಿನ ಹೊದಿಕೆ ಬಿಚ್ಚಿಕೊಳ್ಳದೆ ನಷ್ಟವಾಯಿತು. 2018ರ ಏಪ್ರಿಲ್‌ನಲ್ಲಿ ಇನ್ನೊಂದನ್ನು ಕಳುಹಿಸಬೇಕಾಯಿತು. ಮುಂದೆ ಬೇರೆ ಉಪಗ್ರಹಗಳಲ್ಲಿಯೂ ಗಡಿಯಾರಗಳು ಒಂದೊಂದಾಗಿ ನಿಂತವು. ರೇಡಿಯೋ ಸರಿಯಿದ್ದು, ವಿದ್ಯುತ್ತು ಸರಿಯಿದ್ದು, ಹೊತ್ತು ಹೇಳಲಾರದ ಉಪಗ್ರಹ ನೆಲೆ ತೋರಿಸುವ ಕೆಲಸಕ್ಕೆ ಬಾರದು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲಿಯೇ ತಯಾರಾದ ರುಬಿಡಿಯಮ್ ಗಡಿಯಾರವಿರುವುದು ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಅದರ ಹಿಂದೆ 2025ರ ಜನವರಿಯಲ್ಲಿ ಹೊರಟ ಎನ್‌ವಿಎಸ್-02 ತನ್ನ ಗೊತ್ತಾದ ಕಕ್ಷೆಯನ್ನು ಸೇರಲಾಗಲಿಲ್ಲ. ಇಂಥ ಏರುಪೇರುಗಳಿಂದಲೇ ಇಂದಿನ ಸಾಧನಗಳು ಒಂದೇ ದೇಶದ ಉಪಗ್ರಹಗಳನ್ನು ನೆಚ್ಚದೆ, ಅಮೆರಿಕದ ಜಿಪಿಎಸ್, ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈದೂ ಇವುಗಳಲ್ಲಿ ಒಂದಕ್ಕಿಂತ ಹೆಚ್ಚಿನವುಗಳ ದನಿಯನ್ನು ಕೂಡಿಸಿಯೇ ಲೆಕ್ಕ ಹಾಕುತ್ತವೆ.

ಎರೆಯ ಬಯಲು, ಮಲೆನಾಡಿನ ಸೆರಗು

ಉಪಗ್ರಹದ ದನಿ ನೆಲವನ್ನು ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲು, ಹೆಚ್ಚು ಕಡಮೆ ಅಷ್ಟೇ ಅದರ ಶಕ್ತಿ. ಆದುದರಿಂದ ಆಕಾಶ ಎಷ್ಟು ತೆರೆದಿದೆಯೋ ಅಷ್ಟು ಒಳ್ಳೆಯದು. ಈ ವಿಷಯದಲ್ಲಿ ಧಾರವಾಡ ಜಿಲ್ಲೆಯೇ ಒಂದು ಪಾಠಶಾಲೆ. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಕಪ್ಪು ಎರೆಯ ಬಯಲಿನಲ್ಲಿ ಬೆಟ್ಟವಿಲ್ಲ, ದಟ್ಟ ಮರಗಳಿಲ್ಲ. ದಿಗಂತದಿಂದ ದಿಗಂತಕ್ಕೆ ಆಕಾಶ ಹರಡಿದೆ. ಅಲ್ಲಿ ಪೆಟ್ಟಿಗೆ ಹಲವಾರು ಉಪಗ್ರಹಗಳನ್ನು ಏಕಕಾಲಕ್ಕೆ ಕೇಳಿಸಿಕೊಂಡು ನೆಲೆಯನ್ನು ಸುಮಾರು ಐದು ಮೀಟರುಗಳೊಳಗೆ ಹೇಳಬಲ್ಲದು. ಪಶ್ಚಿಮಕ್ಕೆ ಕಲಘಟಗಿಯನ್ನು ದಾಟಿ ಯಲ್ಲಾಪುರದ ಕಡೆಗೆ ಸಾಗಿದಂತೆ ಕಾಡು ದಟ್ಟವಾಗುತ್ತದೆ. ನೀರಿನಿಂದ ತುಂಬಿದ ಎಲೆಗಳು ಅಲೆಯನ್ನು ಹೀರುತ್ತವೆ. ಕೆಲವು ಅಲೆಗಳು ಗುಡ್ಡಕ್ಕೋ ಕಟ್ಟಡಕ್ಕೋ ತಾಗಿ ಸುತ್ತುಬಳಸಿ ಬರುತ್ತವೆ. ಸುತ್ತಿ ಬಂದ ಅಲೆ ತಡವಾಗಿ ಬರುವುದರಿಂದ ಉಪಗ್ರಹ ಇನ್ನೂ ದೂರವಿದೆಯೆಂದು ಪೆಟ್ಟಿಗೆ ಮೋಸಹೋಗುತ್ತದೆ. ಆಗ ರಸ್ತೆಯಲ್ಲಿರುವ ವಾಹನ ನಕ್ಷೆಯಲ್ಲಿ ಗದ್ದೆಗೆ ಇಳಿದಂತೆ ಕಾಣುವುದುಂಟು.

ನಿಲ್ದಾಣದ ತಗಡಿನ ಚಾವಣಿಯೂ ಇಂಥದೇ ಅಡ್ಡಿ. ಲೋಹದ ತಗಡನ್ನು ಈ ಅಲೆಗಳು ತೂರಿ ಹೋಗಲಾರವು. ಸಾಧನವನ್ನು ಆಸನದ ಕೆಳಗೆ ಬಚ್ಚಿಟ್ಟರೂ ಅದರ ಆಂಟೆನಾ ಮಾತ್ರ ಆಕಾಶಕ್ಕೆ ಮುಖ ಮಾಡಿರಬೇಕೆಂಬುದು ಈ ಕಾರಣಕ್ಕಾಗಿ.

ಸುದ್ದಿ ಹೋಗುವ ದಾರಿ

ಇಷ್ಟಾದ ಮೇಲೂ ತನ್ನ ನೆಲೆ ವಾಹನಕ್ಕೆ ಗೊತ್ತಾಯಿತೇ ವಿನಾ ಇನ್ನಾರಿಗೂ ಗೊತ್ತಾಗಲಿಲ್ಲ. ಅದನ್ನು ಕಚೇರಿಗೆ ಮುಟ್ಟಿಸುವುದು ಬೇರೆಯೇ ಆದ ಎರಡನೆಯ ಪ್ರಯಾಣ. ಅದು ಆಕಾಶಕ್ಕೆ ಏರುವುದಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲ್ ದೂರವಾಣಿಯ ಕರೆಯಂತೆ ಹತ್ತಿರದ ಗೋಪುರಕ್ಕೆ ಹೋಗುತ್ತದೆ. ಪೆಟ್ಟಿಗೆಯೊಳಗೆ ಇದಕ್ಕಾಗಿಯೇ ಒಂದು ಸಿಮ್ ಇದೆ. ಕಳುಹಿಸುವ ಸುದ್ದಿಯಾದರೋ ಅಂಚೆ ಕಾರ್ಡಿನಷ್ಟು ಚಿಕ್ಕದು: ವಾಹನದ ಗುರುತು, ದಿನಾಂಕ, ಹೊತ್ತು, ಅಕ್ಷಾಂಶ, ರೇಖಾಂಶ, ವೇಗ, ಎಂಜಿನ್ ಚಾಲೂ ಇದೆಯೋ ಇಲ್ಲವೋ, ವಾಹನದ ಬ್ಯಾಟರಿಯಿಂದ ವಿದ್ಯುತ್ತು ಬರುತ್ತಿದೆಯೋ ಇಲ್ಲವೋ, ಆಪತ್ತಿನ ಗುಂಡಿಯನ್ನು ಯಾರಾದರೂ ಒತ್ತಿದರೋ ಇಲ್ಲವೋ. ಅಣ್ಣಿಗೇರಿಯ ಅಕ್ಷಾಂಶ ಸುಮಾರು 15.4 ಉತ್ತರ, ರೇಖಾಂಶ 75.4 ಪೂರ್ವ. ಈ ಅಂಕಿಗಳನ್ನು ದಶಾಂಶದ ಐದನೆಯ ಸ್ಥಾನದವರೆಗೆ ಬರೆದರೆ ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ಸ್ಥಳವನ್ನು ಗುರುತಿಸಬಹುದು.

ಗೋಪುರವೇ ಸಿಗದ ಕಡೆ ಏನು ಗತಿ? ಮೇಲೆ ಹೇಳಿದ ನಿಯಮಕ್ಕೆ ಆಧಾರವಾದ ‘ಎಐಎಸ್-140’ ಎಂಬ ಮಾನಕ ಇದನ್ನು ಮೊದಲೇ ಯೋಚಿಸಿದೆ. ಸಾಧನವು ಕನಿಷ್ಠ 40,000 ದಾಖಲೆಗಳನ್ನು ತನ್ನಲ್ಲಿಯೇ ಕೂಡಿಟ್ಟುಕೊಳ್ಳಬೇಕು. ಹತ್ತು ಸೆಕೆಂಡಿಗೊಂದರಂತೆ ಬರೆದರೂ ನಾಲ್ಕು ದಿನಗಳಿಗೂ ಮಿಕ್ಕಿ ಬರೆಯುವಷ್ಟು ಸ್ಥಳವಾಯಿತು. ಗೋಪುರ ಮತ್ತೆ ದೊರೆತೊಡನೆ ಕೂಡಿಟ್ಟಿದ್ದನ್ನೆಲ್ಲ ಒಪ್ಪಿಸುತ್ತದೆ. ವಾಹನದ ವಿದ್ಯುತ್ತು ಕಡಿದುಹೋದರೂ ಕನಿಷ್ಠ ನಾಲ್ಕು ತಾಸು ಬದುಕಿರುವಂತೆ ಅದರೊಳಗೆ ಒಂದು ಸ್ವಂತ ಬ್ಯಾಟರಿಯೂ ಇರಬೇಕು.

ಯಂತ್ರದ ನಾಡಿ ಹಿಡಿಯುವುದು

ಇನ್ನು ಎರಡನೆಯ ಪ್ರಶ್ನೆ: ಬಂಡಿಗೇನಾಗಿದೆ? ಇದಕ್ಕೂ ಉಪಗ್ರಹಕ್ಕೂ ಸಂಬಂಧವೇ ಇಲ್ಲ. ಇಂದಿನ ಎಂಜಿನ್ನಿನಲ್ಲಿ ನೀರಿನ ಕಾವು, ಎಣ್ಣೆಯ ಒತ್ತಡ, ಒಳಹೋಗುವ ಗಾಳಿ, ತಿರುಗುವ ವೇಗ ಮುಂತಾದುವನ್ನು ಅಳೆಯುವ ಸೆನ್ಸರುಗಳು ಇವೆ. ಇವೆಲ್ಲವೂ ವರದಿ ಒಪ್ಪಿಸುವುದು ಎಂಜಿನ್ನನ್ನು ನಡೆಸುವ ಒಂದು ಚಿಕ್ಕ ಗಣಕಕ್ಕೆ. ವಾಹನದ ಬೇರೆ ಬೇರೆ ಗಣಕಗಳು ತಮ್ಮೊಳಗೆ ಮಾತಾಡಿಕೊಳ್ಳಲು ಹೆಣೆದ ಎರಡೇ ತಂತಿಗಳು ಸಾಕಾಗುವಂಥ ‘ಕ್ಯಾನ್’ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಜಗತ್ತಿನ ಮುಂದಿಟ್ಟಿತು. ಪ್ರತಿಯೊಂದು ಮಾತಿಗೂ ಒಂದು ಸಂಖ್ಯೆಯುಂಟು. ಇಬ್ಬರು ಒಮ್ಮೆಗೇ ಬಾಯಿ ತೆರೆದರೆ, ಚಿಕ್ಕ ಸಂಖ್ಯೆಯ ಮಾತಿಗೆ ದಾರಿ ಬಿಟ್ಟು ಇನ್ನೊಬ್ಬರು ಸುಮ್ಮನಾಗುತ್ತಾರೆ. ಪಂಚರ ಕಟ್ಟೆಯ ಮೇಲೂ ಇಷ್ಟು ಶಿಸ್ತು ಕಾಣುವುದು ಅಪರೂಪ!

ಗಣಕಕ್ಕೆ ಬಂದ ವರದಿಗಳಲ್ಲಿ ಯಾವುದಾದರೂ ಅಸಂಬದ್ಧವೆಂದು ತೋರಿದರೆ ಅದು ಒಂದು ದೋಷಸಂಕೇತವನ್ನು ಬರೆದಿಟ್ಟು ಚಾಲಕನ ಮುಂದಿನ ದೀಪವನ್ನು ಹೊತ್ತಿಸುತ್ತದೆ. ಅಮೆರಿಕದಲ್ಲಿ 1996ರ ಕಾರುಗಳಿಂದ ಇಂಥ ಸಂಕೇತಗಳನ್ನು ಎಲ್ಲ ತಯಾರಕರಿಗೂ ಏಕರೂಪವಾಗಿ ವಿಧಿಸಿದರು. ಕಾರಿನ ಚುಕ್ಕಾಣಿ ಚಕ್ರದ ಕೆಳಗೆ ಹದಿನಾರು ರಂಧ್ರಗಳ ಒಂದು ಕೊಂಡಿಯಿರುತ್ತದೆ. ಮಿಸ್ತ್ರಿಯು ತನ್ನ ಉಪಕರಣವನ್ನು ಅದಕ್ಕೆ ಜೋಡಿಸಿ ಸಂಕೇತಗಳನ್ನು ಓದುತ್ತಾನೆ. ದೊಡ್ಡ ಬಸ್ಸು, ಲಾರಿಗಳ ಸಂಕೇತಭಾಷೆ ಬೇರೆ, ತತ್ತ್ವ ಮಾತ್ರ ಒಂದೇ. ದೂರನಿದಾನವೆಂದರೆ ಮತ್ತೇನೂ ಅಲ್ಲ: ಮಿಸ್ತ್ರಿ ಓದುವ ಇದೇ ಸಂಕೇತಗಳನ್ನು ಪೆಟ್ಟಿಗೆಯೇ ಓದಿ, ಸಿಮ್ಮಿನ ಮೂಲಕ ನೂರಾರು ಕಿಲೋಮೀಟರು ಆಚೆಗೆ ಕಳುಹಿಸುವುದು. ನೆಲೆ ತಿಳಿಸುವ ಎಲ್ಲ ಪೆಟ್ಟಿಗೆಗಳೂ ಈ ಕೆಲಸ ಮಾಡುವುದಿಲ್ಲ. ಎಂಜಿನ್ನಿನ ತಂತಿಗಳಿಗೆ ಜೋಡಿಸಿದವು ಮಾತ್ರ ಮಾಡಬಲ್ಲವು.

ಈ ನಿದಾನದ ಬಲವನ್ನೂ ಮಿತಿಯನ್ನೂ ಒಂದೇ ಉದಾಹರಣೆಯಿಂದ ತೋರಿಸಬಹುದು. ಎಂಜಿನ್ನಿನ ನೀರಿನ ಕಾವನ್ನು ಅಳೆಯುವ ಸೆನ್ಸರು, ಕಾವು ಏರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಕಡಮೆ ಮಾಡುತ್ತ ಹೋಗುವ ವಸ್ತುವಿನಿಂದ ಆದುದು. ತಡೆ ಹೆಚ್ಚಿದ್ದರೆ ನೀರು ತಣ್ಣಗಿದೆಯೆಂದು ಗಣಕ ತಿಳಿಯುತ್ತದೆ. ಒಂದು ಇಲಿ ಆ ತಂತಿಯನ್ನು ಕಡಿಯಿತೆನ್ನಿ. ತಡೆ ಅಪಾರವಾಯಿತು, ಬಿರುಬೇಸಗೆಯ ನವಲಗುಂದದಲ್ಲಿ ನೀರು ಸೊನ್ನೆಗಿಂತ 40 ಡಿಗ್ರಿ ಕೆಳಗಿದೆಯೆಂಬ ವರದಿ ಹೋಯಿತು! ಇದು ಅಸಂಭವವೆಂದು ಗಣಕ ಅರಿತು ಪಿ0118 ಎಂಬ ಸಂಕೇತವನ್ನು ಬರೆಯುತ್ತದೆ. ಆ ಸಂಕೇತದ ಅರ್ಥ ‘ಸೆನ್ಸರು ಕೆಟ್ಟಿದೆ’ ಎಂದಲ್ಲ. ‘ಕಾವಿನ ಸೆನ್ಸರಿನ ಮಂಡಲದಿಂದ ಇರಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜು ಬರುತ್ತಿದೆ’ ಎಂದಷ್ಟೇ. ಕೆಟ್ಟದ್ದು ಸೆನ್ಸರೋ, ತಂತಿಯೋ, ತುಕ್ಕು ಹಿಡಿದ ಕೊಂಡಿಯೋ ಎಂಬುದನ್ನು ಮಿಸ್ತ್ರಿಯ ಕಣ್ಣು, ಕೈಗಳೇ ತೀರ್ಮಾನಿಸಬೇಕು. ಸಂಕೇತವನ್ನು ಓದಿದೊಡನೆ ಹೊಸ ಸೆನ್ಸರು ತರಿಸುವವನು, ಜ್ವರಮಾಪಕ ಒಡೆದದ್ದಕ್ಕೆ ರೋಗಿಗೆ ಔಷಧ ಕೊಟ್ಟ ವೈದ್ಯನಂತೆ, ಹಣವನ್ನು ಹಾಳುಮಾಡುತ್ತಾನೆ.

ದೂರನಿದಾನ ನಿಜವಾಗಿ ಉಪಕಾರಿಯಾಗುವುದು ಒಂದೊಂದು ಸಂಕೇತದಿಂದಲ್ಲ, ದಿನದಿನದ ಅಂಕಿಗಳನ್ನು ಹೋಲಿಸಿ ನೋಡುವುದರಿಂದ. ಕಡಲೆ, ಗೋದಿಗಳ ಒಕ್ಕಣೆಯ ಕಾಲದಲ್ಲಿ ಹೊಟ್ಟು, ಧೂಳು ಟ್ರ್ಯಾಕ್ಟರಿನ ರೇಡಿಯೇಟರಿಗೆ ಮೆತ್ತಿಕೊಂಡು ಗಾಳಿಯನ್ನು ತಡೆಯುತ್ತವೆ. ಎಂಜಿನ್ನಿನ ಕಾವು ನಿನ್ನೆಗಿಂತ ಇಂದು ತುಸು, ಇಂದಿಗಿಂತ ನಾಳೆ ತುಸು ಏರುತ್ತದೆ. ಚಾಲಕನಿಗೆ ಇದು ತಿಳಿಯದು, ಎಚ್ಚರಿಕೆಯ ದೀಪವೂ ಹೊತ್ತದು. ಅಂಕಿಗಳ ಸಾಲು ಮಾತ್ರ ಹೇಳುತ್ತದೆ. ಬ್ಯಾಟರಿಯ ಮಾತೂ ಹಾಗೆಯೇ. 12 ವೋಲ್ಟಿನ ವಾಹನದಲ್ಲಿ ಎಂಜಿನ್ ಓಡುವಾಗ ಸುಮಾರು 14 ವೋಲ್ಟು ಇರಬೇಕು. ಅದು 12ರ ಆಸುಪಾಸಿನಲ್ಲಿಯೇ ನಿಂತಿದ್ದರೆ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನಲ್ಲಿಯೋ ಅದರ ಬೆಲ್ಟಿನಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. ಇಂದಲ್ಲ ನಾಳೆ ವಾಹನ ನಡುದಾರಿಯಲ್ಲಿ ನಿಲ್ಲುವುದು ಖಂಡಿತ.

ಚುಕ್ಕೆ ನಿಂತಾಗ

ಕಚೇರಿಯ ನಕ್ಷೆಯಲ್ಲಿ ವಾಹನವೆಂದರೆ ಒಂದು ಚುಕ್ಕೆ. ಆ ಚುಕ್ಕೆ ನಿಂತುಬಿಟ್ಟರೆ ನೋಡುವವರು ‘ಬಸ್ಸು ಕೆಟ್ಟು ನಿಂತಿದೆ’ ಎಂದೋ ‘ಚಾಲಕ ಚಹಾ ಕುಡಿಯುತ್ತ ಕುಳಿತಿದ್ದಾನೆ’ ಎಂದೋ ತಟ್ಟನೆ ತೀರ್ಮಾನಿಸುತ್ತಾರೆ. ಆದರೆ ಮೇಲೆ ಕಂಡ ಹಾಗೆ ಇಲ್ಲಿ ಎರಡು ಪ್ರಯಾಣಗಳಿವೆ: ಆಕಾಶದಿಂದ ವಾಹನಕ್ಕೆ ಒಂದು, ವಾಹನದಿಂದ ಕಚೇರಿಗೆ ಇನ್ನೊಂದು. ನಿಂತದ್ದು ವಾಹನವೋ, ಸುದ್ದಿಯೋ ಎಂಬುದನ್ನು ಮೊದಲು ವಿಚಾರಿಸಬೇಕು. ಅದಕ್ಕೆ ಉಪಾಯ ಸುಲಭ. ಚುಕ್ಕೆಯನ್ನಲ್ಲ, ಅದರ ಪಕ್ಕದಲ್ಲಿ ಬರೆದಿರುವ ಹೊತ್ತನ್ನು ನೋಡಿರಿ. ಹೊತ್ತು ಮುಂದೆ ಸಾಗುತ್ತಿದ್ದು, ನೆಲೆಯನ್ನು ಈಗಷ್ಟೇ ಅಳೆದದ್ದಾಗಿ, ಸ್ಥಳ ಮಾತ್ರ ಬದಲಾಗದಿದ್ದರೆ ವಾಹನ ನಿಜವಾಗಿಯೂ ನಿಂತಿದೆ. ಹೊತ್ತೇ ಹಳೆಯದಾಗಿದ್ದರೆ ನಿಂತಿರುವುದು ಸುದ್ದಿ. ವಾಹನ ಸುಖವಾಗಿ ಓಡುತ್ತಿರಬಹುದು, ಓಡದೆಯೂ ಇರಬಹುದು. ಸುದ್ದಿ ಬರುತ್ತಿದ್ದು ‘ನೆಲೆ ಸಿಕ್ಕಿಲ್ಲ’ ಎಂಬ ಗುರುತು ಇದ್ದರೆ ಆಕಾಶ ಮರೆಯಾಗಿದೆ. ಕೊನೆಯ ಸುದ್ದಿಯಲ್ಲಿ ‘ವಾಹನದ ವಿದ್ಯುತ್ತು ಕಡಿದಿದೆ’ ಎಂದಿದ್ದರೆ ಅದೇ ನಿಜವಾಗಿ ಎಚ್ಚರಗೊಳ್ಳಬೇಕಾದ ಸುದ್ದಿ: ತಂತಿ ಕಿತ್ತಿರಬಹುದು, ಅಪಘಾತವಾಗಿರಬಹುದು, ನೀರು ನುಗ್ಗಿರಬಹುದು.

ನೀರಿನ ಮಾತು ಈ ಸೀಮೆಯಲ್ಲಿ ಕೇವಲ ಕಲ್ಪನೆಯಲ್ಲ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹರಿದು ನವಲಗುಂದದ ಭಾಗದಲ್ಲಿ ಹೊಲ, ಹಾದಿಗಳನ್ನು ಮುಳುಗಿಸಿದವು. ಅಂಥ ದಿನಗಳಲ್ಲಿ ಎರೆಯ ಮಣ್ಣಿನಲ್ಲಿ ಹೂತ ವಾಹನಕ್ಕೆ ಉಪಗ್ರಹಗಳ ದನಿ ಎಂದಿನಂತೆ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಮಳೆ ಮೋಡಗಳು ಈ ಅಲೆಗಳಿಗೆ ಅಡ್ಡಿಯಾಗುವುದು ಅತ್ಯಲ್ಪ. ಸೋಲುವುದು ಎರಡನೆಯ ಪ್ರಯಾಣ. ಊರಿಗೆ ವಿದ್ಯುತ್ತು ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾದರೆ, ತನ್ನ ನೆಲೆಯನ್ನು ಐದು ಮೀಟರುಗಳೊಳಗೆ ಬಲ್ಲ ಪೆಟ್ಟಿಗೆ ಅದನ್ನು ಯಾರಿಗೂ ಹೇಳಲಾರದೆ ಕುಳಿತಿರುತ್ತದೆ. ಕೋಟ್ಯಂತರ ರೂಪಾಯಿಗಳ ಉಪಗ್ರಹಕ್ಕಿಂತ ಆಗ ಮುಖ್ಯವಾಗುವುದು ಊರ ಗೋಪುರದ ಬುಡದಲ್ಲಿರುವ ಬ್ಯಾಟರಿ ಮತ್ತು ಡೀಸೆಲ್ ಜನರೇಟರು.

ಇನ್ನೊಂದು ಮಾತನ್ನೂ ಹೇಳಬೇಕು. ಬಂಡಿಯ ನೆಲೆ ಬರೆಯುವ ಪೆಟ್ಟಿಗೆ ಅದರಲ್ಲಿ ಕುಳಿತ ಮನುಷ್ಯನ ಓಡಾಟವನ್ನೂ ಬರೆದಂತಾಯಿತು. ಎಷ್ಟು ಹೊತ್ತಿಗೆ ಮನೆ ಬಿಟ್ಟ, ಎಲ್ಲಿ ತಂಗಿದ, ಯಾರ ಬಾಗಿಲಲ್ಲಿ ಎಷ್ಟು ಹೊತ್ತು ನಿಂತ ಎಂಬುದೆಲ್ಲ ಅಂಕಿಗಳಲ್ಲಿ ಉಳಿಯುತ್ತದೆ. ಈ ದಾಖಲೆ ಯಾರ ಬಳಿ, ಎಷ್ಟು ದಿನ ಇರುತ್ತದೆಂದು ಕೇಳುವುದು ಸ್ವಂತ ವಾಹನಕ್ಕೆ ಇಂಥ ಸಾಧನ ಹಾಕಿಸುವ ಪ್ರತಿಯೊಬ್ಬನ ಹಕ್ಕು. ಬಸ್ಸಿನ ಚಾಲಕನ ವಿಷಯದಲ್ಲಿಯಾದರೋ, ಚುಕ್ಕೆಯನ್ನು ಸರಿಯಾಗಿ ಓದಬಲ್ಲವರೇ ಅವನ ಕೆಲಸವನ್ನು ಅಳೆಯಬೇಕು. ಗೋಪುರ ಸಿಗದ ಹಾದಿಯ ತಪ್ಪನ್ನು ಅವನ ತಲೆಗೆ ಕಟ್ಟಬಾರದು.

ಆಪತ್ತಿನ ಗುಂಡಿಯೂ ಇದೇ ದಾರಿಯಲ್ಲಿ ಹೋಗುವ ಒಂದು ಚಿಕ್ಕ ಸುದ್ದಿ. ಅದು ಮುಟ್ಟುವ ಕೊಠಡಿಯಲ್ಲಿ ಹಗಲಿರುಳು ಎಚ್ಚರವಾಗಿದ್ದು, ಹೊತ್ತನ್ನೂ ನೆಲೆಯನ್ನೂ ಓದಿ, ಹತ್ತಿರದ ಠಾಣೆಗೋ ಊರಿಗೋ ಒಡನೆಯೇ ತಿಳಿಸುವ ಜನರಿದ್ದರೆ ಮಾತ್ರ ಅದರಿಂದ ಪ್ರಯೋಜನ. ಯಂತ್ರವು ಬಂಡಿಯ ಜಾಗವನ್ನು ತೋರಿಸಬಲ್ಲದು, ಅದರ ರೋಗದ ಸುಳಿವನ್ನು ಕೊಡಬಲ್ಲದು. ಕಂದೀಲು ಹಿಡಿದು ಹುಡುಕುವ ಕೆಲಸ ಹೀಗೆ ತಪ್ಪಿತು. ಹೋಗಿ ಕೈಹಿಡಿದು ಎತ್ತುವ ಕೆಲಸ ಇನ್ನೂ ಮನುಷ್ಯರದೇ ಆಗಿ ಉಳಿದಿದೆ.